ಹೆಸರಿದ್ದ ಜಾಗದಲ್ಲಿ ಏಳು ಪ್ರಶ್ನಾರ್ಥಕ ಚಿಹ್ನೆಗಳು

ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಡೇಟಾ ಸಾಗಿಸುವ ಕೋಡ್ ಬರೆಯುವ ಡೆವಲಪರ್ ಮಿತ್ರರಿಗೆ,



ನೀವು ಬೆಂಗಳೂರಿನ ಹೊರವರ್ತುಲ ರಸ್ತೆಯ ದೊಡ್ಡ ಕಂಪನಿಯಲ್ಲಿರಬಹುದು. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಹತ್ತು ಜನರ ಆಫೀಸಿನಲ್ಲಿ ಕೂತು ಸಹಕಾರ ಸಂಘಕ್ಕೆ, ಆಸ್ಪತ್ರೆಗೆ, ಯಾವುದೋ ಇಲಾಖೆಗೆ ಸಾಫ್ಟ್‌ವೇರ್ ಬರೆದುಕೊಡುತ್ತಿರಬಹುದು. ಎಲ್ಲಿದ್ದರೂ ನಿಮ್ಮ ಕೆಲಸದ ದೊಡ್ಡ ಪಾಲು ಇಷ್ಟೇ: ಅಲ್ಲಿನ ಟೇಬಲ್ ಓದುವುದು, ಇಲ್ಲಿನ ಟೇಬಲ್‌ಗೆ ತುಂಬುವುದು. ಈ ಎರಡರ ನಡುವೆ ಡ್ರೈವರ್ ಎಂಬುದೊಂದು ಕೂತಿರುತ್ತದೆ. ಕನೆಕ್ಷನ್ ಸ್ಟ್ರಿಂಗ್ ಅನ್ನು ಹಳೆಯ ಪ್ರಾಜೆಕ್ಟಿನಿಂದ ಕಾಪಿ ಮಾಡಿ ಅಂಟಿಸಿ, ಟೆಸ್ಟ್ ಬಟನ್ ಒತ್ತಿ, ಹಸಿರು ಗುರುತು ಬಂದರೆ ಮುಗಿಯಿತು. ಆಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ಈ ಪತ್ರ ಆ ಡ್ರೈವರ್ ಬಗ್ಗೆ, ಮುಖ್ಯವಾಗಿ ಅದರ ಮೂಲಕ ಹಾದುಹೋಗುವ ಕನ್ನಡದ ಹೆಸರುಗಳ ಬಗ್ಗೆ.

ನಾನು ಡೇಟಾಬೇಸ್ ನೋಡಿಕೊಳ್ಳುವ ಕಡೆಯವನು. ಕೋಡ್ ನಿಮ್ಮದು, ಅದು ಬರೆದಿಟ್ಟದ್ದನ್ನು ಕಾಯುವುದು ನನ್ನ ಪಾಲಿನದು. ಹಾಗಾಗಿ ದೂರು ಮೊದಲು ಬರುವುದು ನನ್ನ ಮೇಜಿಗೆ. ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿ ಹೊಸ ಸಾಫ್ಟ್‌ವೇರ್‌ಗೆ ವರ್ಗವಾಯಿತು, ಅದರಿಂದ ಗುರುತಿನ ಚೀಟಿಗಳು ಅಚ್ಚಾದವು. ಒಂದು ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ಸಾಲಾಗಿ ಏಳು ಪ್ರಶ್ನಾರ್ಥಕ ಚಿಹ್ನೆ. ಆ ಸದಸ್ಯ ಮಂಜುನಾಥ ಇರಬಹುದು: ಮ, ಸೊನ್ನೆ, ಜ, ಕೊಂಬು, ನ, ದೀರ್ಘ, ಥ, ಎಣಿಸಿದರೆ ಏಳು ಸಂಕೇತ. ಆದರೆ ಯಲ್ಲಮ್ಮನಿಗೂ ಏಳೇ. ಗಂಡಸೋ ಹೆಂಗಸೋ ಎಂದು ಸಹ ಹೇಳಲಾಗದ ಆ ಸಾಲನ್ನು ಇಟ್ಟುಕೊಂಡು ಡೇಟಾಬೇಸ್ ಏನು ತಾನೇ ಮಾಡೀತು? ಹಳೆಯ ಬ್ಯಾಕಪ್ ಹುಡುಕಬೇಕು, ಅದೂ ಇಲ್ಲದಿದ್ದರೆ ಸದಸ್ಯರ ಮನೆಗೇ ಹೋಗಿ ಕೇಳಬೇಕು.

ಕನ್ನಡ ಕೆಟ್ಟು ಕಂಡಾಗಲೆಲ್ಲ "ಫಾಂಟ್ ಪ್ರಾಬ್ಲಂ ಸಾರ್" ಎಂದುಬಿಡುವುದು ನಮ್ಮ ಕಸುಬಿನ ರೂಢಿ. ಮೂರು ಬೇರೆ ಬೇರೆ ತೊಂದರೆಗಳನ್ನು ಆ ಒಂದು ಮಾತಿನಲ್ಲಿ ಮುಚ್ಚಿಹಾಕುತ್ತೇವೆ. ಅಕ್ಷರದ ಬದಲು ಖಾಲಿ ಚೌಕ ಕಂಡರೆ ಅದು ನಿಜಕ್ಕೂ ಫಾಂಟ್ ತೊಂದರೆ; ಡೇಟಾ ಕ್ಷೇಮವಾಗಿದೆ, ಕನ್ನಡ ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಸರಿ ಕಾಣುತ್ತದೆ. 'ಕ' ಇರಬೇಕಾದಲ್ಲಿ ನೆತ್ತಿಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷಿನ ಚಿಕ್ಕ ಎ, ಅದರ ಪಕ್ಕ ಪುಟಾಣಿ 2, ಆಮೇಲೊಂದು ಕಪ್ಪು ಚುಕ್ಕೆ ಕಂಡರೆ ಕಥೆ ಬೇರೆ. ಯುಟಿಎಫ್-8ರಲ್ಲಿ 'ಕ' ಮೂರು ಬೈಟ್. ಆ ಮೂರನ್ನೂ ಯಾರೋ ಪಶ್ಚಿಮ ಯುರೋಪಿನ ಮೂರು ಅಕ್ಷರಗಳೆಂದು ಓದಿದ್ದಾರೆ. ನೋಡಲು ಗಾಬರಿಯಾಗುತ್ತದೆ, ಆದರೆ ಬೈಟ್‌ಗಳು ಉಳಿದಿವೆ. ಅದೇ ದಾರಿಯಲ್ಲಿ ಹಿಂದಕ್ಕೆ ಬಂದರೆ ಸಾಮಾನ್ಯವಾಗಿ ಕನ್ನಡ ಸಿಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಈ ಎರಡರಂತಲ್ಲ. "ಈ ಅಕ್ಷರಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ" ಎಂದು ಮಧ್ಯದ ಯಾವುದೋ ತಂತ್ರಾಂಶ ತೀರ್ಮಾನಿಸಿ, ಮೂಲವನ್ನು ಎಸೆದು, ಅದರ ಬದಲಿಗೆ ಇಟ್ಟ ಗುರುತು ಅದು. ಆ ಸಾಲು ಡಿಸ್ಕಿಗೆ ಇಳಿದಿದ್ದರೆ ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ.

ಆ ತೀರ್ಮಾನ ಬಹುತೇಕ ಸಲ ಆಗುವುದು ಡ್ರೈವರ್ ಹಂತದಲ್ಲಿ. ವಿಂಡೋಸ್‌ನಲ್ಲಿ ಒಡಿಬಿಸಿ ಸೆಟಪ್ ತೆರೆಯಿರಿ. ಪೋಸ್ಟ್‌ಗ್ರೆಸ್ ಡ್ರೈವರ್ ಹಾಕಿದ್ದರೆ ಪಟ್ಟಿಯಲ್ಲಿ ಎರಡು ಹೆಸರು ಕಾಣುತ್ತವೆ: ಒಂದು ಎಎನ್‌ಎಸ್‌ಐ, ಇನ್ನೊಂದು ಯೂನಿಕೋಡ್. ಮೈಎಸ್‌ಕ್ಯೂಎಲ್‌ನದೂ ಹಾಗೆಯೇ, ಎರಡು. ಇಂಗ್ಲಿಷ್ ಅಕಾರಾದಿಯಲ್ಲಿ ಎಎನ್‌ಎಸ್‌ಐ ಮೊದಲು ಬರುತ್ತದೆ, ಅವಸರದಲ್ಲಿರುವವರ ಮೌಸ್ ಮೊದಲ ಸಾಲಿನ ಮೇಲೇ ಬೀಳುತ್ತದೆ. ಎಎನ್‌ಎಸ್‌ಐ ಎಂದರೆ ಪಠ್ಯವೆಲ್ಲ ಆ ಕಂಪ್ಯೂಟರಿನ ಕೋಡ್‌ಪೇಜ್ ಮೂಲಕ ಹಾದುಹೋಗಬೇಕು. ರಷ್ಯನ್‌ಗೆ 1251, ಥಾಯ್‌ಗೆ 874 ಎಂದು ವಿಂಡೋಸ್‌ನಲ್ಲಿ ಒಂದೊಂದು ಕೋಡ್‌ಪೇಜ್ ಇದೆ. ಸಿಸ್ಟಮ್‌ಗೆ ಹಾಗೆ ಹೊಂದಿಸಿಕೊಳ್ಳಬಹುದಾದ ಕನ್ನಡದ್ದೇ ಕೋಡ್‌ಪೇಜ್ ಇಲ್ಲ. ಕನ್ನಡ ಅಲ್ಲಿಗೆ ಬಂದದ್ದೇ ಯೂನಿಕೋಡ್ ಭಾಷೆಯಾಗಿ. ಹಾಗಾಗಿ ರಷ್ಯಾದ ಡೆವಲಪರ್ ಎಎನ್‌ಎಸ್‌ಐ ಆರಿಸಿಯೂ ಬಚಾವಾಗಬಹುದು, ನಮಗೆ ಆ ಸೌಕರ್ಯವಿಲ್ಲ. ಯೂನಿಕೋಡ್ ಡ್ರೈವರನ್ನೇ ಆರಿಸಿದರೂ, ಅಪ್ಲಿಕೇಶನ್ ವಿಬಿ6 ಕಾಲದ್ದಾಗಿದ್ದು ಹಳೆಯ ಫಂಕ್ಷನ್‌ಗಳನ್ನೇ ಕರೆಯುತ್ತಿದ್ದರೆ, ಮಧ್ಯದ ಡ್ರೈವರ್ ಮ್ಯಾನೇಜರ್ ಮತ್ತೆ ಅದೇ ಕೋಡ್‌ಪೇಜಿಗೆ ತಿರುಗಿಸಿಕೊಡುತ್ತದೆ.

ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. ಒಡಿಬಿಸಿಗೂ ಮೊದಲು ಒಂದೊಂದು ಡೇಟಾಬೇಸ್‌ಗೂ ಅದರದ್ದೇ ಲೈಬ್ರರಿ, ಅದರದ್ದೇ ಕರೆಗಳು. ಡೇಟಾಬೇಸ್ ಬದಲಾದರೆ ಕೋಡ್ ಮತ್ತೆ ಬರೆಯಬೇಕಿತ್ತು. 1992ರಲ್ಲಿ ಮೈಕ್ರೋಸಾಫ್ಟ್ ಒಡಿಬಿಸಿ ತಂದು ಅಪ್ಲಿಕೇಶನ್, ಡ್ರೈವರ್ ಮ್ಯಾನೇಜರ್, ಡ್ರೈವರ್ ಎಂದು ಮೂರು ಪದರ ಮಾಡಿತು. ದೊಡ್ಡ ಉಪಕಾರವೇ ಸರಿ, ಇಂದಿಗೂ ಆ ಕಟ್ಟಡದಲ್ಲೇ ನಾವಿದ್ದೇವೆ. ಆದರೆ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡ ಅದರೊಳಗೆ ಇತ್ತು, ಒಡಿಬಿಸಿಗೆ ಯೂನಿಕೋಡ್ ಇರಲಿಲ್ಲ, ಅದು 3.5ನೇ ಆವೃತ್ತಿಯವರೆಗೆ ಕಾಯಬೇಕಾಯಿತು. 1997ರಲ್ಲಿ ಜಾವಾ 1.1ರ ಜೊತೆ ಬಂದ ಜೆಡಿಬಿಸಿಗೆ ಈ ಹಳೆಯ ಹೊರೆಯಿಲ್ಲ, ಜಾವಾದ ಸ್ಟ್ರಿಂಗ್ ಹುಟ್ಟಿನಿಂದಲೇ ಯೂನಿಕೋಡ್.

ಹಾಗೆಂದು ಜೆಡಿಬಿಸಿಯವರು ನೆಮ್ಮದಿಯಾಗಿ ಕೂರುವಂತಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಜೆಡಿಬಿಸಿ ಡ್ರೈವರಿಗೆ 'ಸೆಂಡ್ ಸ್ಟ್ರಿಂಗ್ ಪ್ಯಾರಾಮೀಟರ್ಸ್ ಆ್ಯಸ್ ಯೂನಿಕೋಡ್' ಎಂಬ ಉದ್ದ ಹೆಸರಿನ ಒಂದು ಸೆಟಿಂಗ್ ಇದೆ. ಡಿಫಾಲ್ಟ್ ಆಗಿ ಅದು 'ಟ್ರೂ'. ಕಾಲಂ ಬರೀ ವಾರ್‌ಚಾರ್ ಆಗಿದ್ದು ಪ್ಯಾರಾಮೀಟರ್ ಯೂನಿಕೋಡ್ ಆಗಿ ಬಂದರೆ ಇಂಡೆಕ್ಸ್ ಸರಿಯಾಗಿ ಬಳಕೆಯಾಗದೆ ಕ್ವೆರಿ ನಿಧಾನವಾಗಬಹುದು. ಆಗ ಯಾರಾದರೂ ಹಿರಿಯರು "ಅದನ್ನು ಫಾಲ್ಸ್ ಮಾಡು, ಓಡುತ್ತೆ" ಎನ್ನುತ್ತಾರೆ. ನಿಜ, ಓಡುತ್ತದೆ. ಜೊತೆಗೆ ಸೆಟ್‌ಸ್ಟ್ರಿಂಗ್ ಮೂಲಕ ಹೋಗುವ ಕನ್ನಡವೆಲ್ಲ ಅವತ್ತಿನಿಂದ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಕಾಲಂ ಎನ್‌ವಾರ್‌ಚಾರ್ ಆಗಿದ್ದರೂ. ವೇಗ ಹೆಚ್ಚಿದ್ದಕ್ಕೆ ಚಪ್ಪಾಳೆ ಬೀಳುವುದು ಸೋಮವಾರ, ಹೆಸರು ಹೋದದ್ದು ಗೊತ್ತಾಗುವುದು ಮೂರು ತಿಂಗಳ ಮೇಲೆ. ಆ ಸೆಟಿಂಗ್ ಬದಲಿಸಲೇಬೇಕಿದ್ದರೆ ಕನ್ನಡದ ಕಾಲಂಗಳಿಗೆ ಸೆಟ್‌ಎನ್‌ಸ್ಟ್ರಿಂಗ್ ಬಳಸಿ. ಕೈಯಿಂದ ಇನ್‌ಸರ್ಟ್ ಬರೆಯುವವರೂ ಕೇಳಿ: ಅದೇ ಸರ್ವರ್‌ನಲ್ಲಿ ಉದ್ಧರಣ ಚಿಹ್ನೆಯ ಹಿಂದೆ ಎನ್ ಅಕ್ಷರ ಹಾಕದೆ 'ಕನ್ನಡ' ಎಂದು ಬರೆದರೆ, ಸಾಮಾನ್ಯ ಕೊಲೇಶನ್‌ನ ಡೇಟಾಬೇಸ್‌ನಲ್ಲಿ ಕಾಲಂಗೆ ಸೇರುವುದು ಐದು ಪ್ರಶ್ನಾರ್ಥಕ ಚಿಹ್ನೆ.

ಈ ವಿಷಯದಲ್ಲಿ ನನ್ನ ಮೆಚ್ಚುಗೆ ಪೋಸ್ಟ್‌ಗ್ರೆಸ್‌ಗೆ. ಕನ್ನಡ ಹಿಡಿಸಲಾರದ ಎನ್‌ಕೋಡಿಂಗ್‌ನಲ್ಲಿ ಕೇಳಿದರೆ ಅದು ಪ್ರಶ್ನಾರ್ಥಕ ಚಿಹ್ನೆ ಕೊಟ್ಟು ಸಮಾಧಾನ ಮಾಡುವುದಿಲ್ಲ. ಈ ಬೈಟ್‌ಗಳಿಗೆ ಆ ಎನ್‌ಕೋಡಿಂಗ್‌ನಲ್ಲಿ ಸಮಾನವಾದುದಿಲ್ಲ ಎಂದು ಎರರ್ ಎಸೆದು ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಜಾಬ್ ಬಿದ್ದು ಫೋನ್ ಬಂದಾಗ ನಾವು ಬೈದುಕೊಳ್ಳುತ್ತೇವೆ, ಆದರೆ ಬೆಳಿಗ್ಗೆ ಡೇಟಾ ಉಳಿದಿರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲೂ ಈಗ ಡಿಫಾಲ್ಟ್ ಆಗಿರುವ ಸ್ಟ್ರಿಕ್ಟ್ ಮೋಡ್ ಬರೆಯುವಾಗ ಅದೇ ಕೆಲಸ ಮಾಡುತ್ತದೆ. ಹಳೆಯ ಅಪ್ಲಿಕೇಶನ್ ಓಡಲೆಂದು ಅದನ್ನು ಆಫ್ ಮಾಡಿರುವವರು ಏನು ಬಿಟ್ಟುಕೊಟ್ಟಿದ್ದೀರಿ ಎಂದು ಒಮ್ಮೆ ಯೋಚಿಸಿ.

ಮೈಎಸ್‌ಕ್ಯೂಎಲ್ ಹೆಸರು ಬಂದದ್ದರಿಂದ, ನಾನು ಕಂಡವುಗಳಲ್ಲಿ ಅತಿ ಸ್ವಾರಸ್ಯದ ಸಂಗತಿಯೊಂದನ್ನು ಬಿಡಿಸಿ ಹೇಳುತ್ತೇನೆ. 2000ರ ದಶಕದಲ್ಲಿ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಜೋಡಿಯಲ್ಲಿ ಕಟ್ಟಿದ ಕನ್ನಡದ ಅಪ್ಲಿಕೇಶನ್‌ಗಳು ಎಷ್ಟೋ ಇವೆ. ಆಗ ಮೈಎಸ್‌ಕ್ಯೂಎಲ್‌ನ ಡಿಫಾಲ್ಟ್ ಅಕ್ಷರಪಟ್ಟಿ ಲ್ಯಾಟಿನ್1, ವಿಂಗಡಣೆಯ ಕ್ರಮ ಸ್ವೀಡಿಷ್, ಏಕೆಂದರೆ ಆ ಕಂಪನಿ ಸ್ವೀಡನ್ನಿನದು. ಬ್ರೌಸರ್ ಯುಟಿಎಫ್-8ರಲ್ಲಿ ಕನ್ನಡ ಕಳಿಸುತ್ತದೆ. ಪಿಎಚ್‌ಪಿ ಆ ಬೈಟ್‌ಗಳನ್ನು ಹಾಗೇ ದಾಟಿಸುತ್ತದೆ. ಕನೆಕ್ಷನ್ "ನಾನು ಲ್ಯಾಟಿನ್1" ಎನ್ನುತ್ತದೆ, ಟೇಬಲ್ಲೂ ಲ್ಯಾಟಿನ್1, ಹಾಗಾಗಿ ಪರಿವರ್ತನೆಯೇ ಆಗುವುದಿಲ್ಲ. ಓದುವಾಗ ಇದೇ ಸುಳ್ಳು ಹಿಂದುಮುಂದಾಗಿ ನಡೆದು ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಮೂಡುತ್ತದೆ. ಎರಡೂ ಕಡೆಯವರು ಒಂದೇ ಸುಳ್ಳು ಹೇಳುವವರೆಗೆ ಜಗಳವಿಲ್ಲ. ವರ್ಷಗಟ್ಟಲೆ ಹೀಗೇ ನಡೆಯುತ್ತದೆ.

ಆಮೇಲೆ ನೀವು ಬರುತ್ತೀರಿ, ಹೊಸ ಜಾವಾ ಸರ್ವೀಸ್ ಹಿಡಿದುಕೊಂಡು. ನಿಮ್ಮ ಡ್ರೈವರ್ ಸತ್ಯವಂತ, "ನನಗೆ ಯುಟಿಎಫ್-8 ಕೊಡಿ" ಎನ್ನುತ್ತದೆ. ಸರ್ವರ್ ಶ್ರದ್ಧೆಯಿಂದ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ತಿಳಿದು ತಿರುಗಿಸಿಕೊಡುತ್ತದೆ. ಮೂರು ಬೈಟಿನ 'ಕ' ಈಗ ಮೂರು ಅಕ್ಷರ, ಏಳು ಬೈಟ್. ಅದನ್ನೇ ಹೊಸ ಟೇಬಲ್‌ಗೆ ತುಂಬಿದರೆ ಗೋಜಲು ಅಧಿಕೃತವಾಗುತ್ತದೆ. ಇಲ್ಲಿ "ಡ್ರೈವರ್ ಸರಿಯಿಲ್ಲ, ಹಳೆಯದೇ ಚೆನ್ನಾಗಿತ್ತು" ಎನ್ನುವವರು ಸಿಗುತ್ತಾರೆ. ತಪ್ಪು ಡ್ರೈವರಿನದಲ್ಲ, ಅದು ಹಳೆಯ ಸುಳ್ಳನ್ನು ಬಯಲಿಗೆ ತಂದಿತು ಅಷ್ಟೆ. ಕಾಲಂ ಅನ್ನು ಮೊದಲು ಬೈನರಿಗೆ ಬದಲಿಸಿ, ಆಮೇಲೆ ಯುಟಿಎಫ್8ಎಂಬಿ4 ಎಂದು ಘೋಷಿಸಿದರೆ ಬೈಟ್‌ಗಳು ಅಲುಗಾಡದೆ ಅವುಗಳ ಅರ್ಥ ಸರಿಹೋಗುತ್ತದೆ. ನೇರವಾಗಿ ಒಂದೇ ಹೆಜ್ಜೆಯಲ್ಲಿ ಬದಲಿಸಿದರೆ ಗೋಜಲೇ ಶಾಶ್ವತ. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಯುಟಿಎಫ್8 ಎಂಬ ಹಳೆಯ ಹೆಸರು ಮೂರು ಬೈಟ್‌ಗೆ ನಿಲ್ಲುತ್ತದೆ. ಕನ್ನಡಕ್ಕೆ ಸಾಕು, ಇಮೋಜಿಗೆ ಸಾಲದು, ಆದ್ದರಿಂದ 8.0ರಿಂದ ಡಿಫಾಲ್ಟ್ ಆಗಿರುವ ಎಂಬಿ4ನ್ನೇ ಇಟ್ಟುಕೊಳ್ಳಿ.

ಒರಾಕಲ್‌ನಲ್ಲಿ ಎಡವುವುದು ಇನ್ನೊಂದು ಕಡೆ. ಹೆಸರಿಗೆ ಇಪ್ಪತ್ತು ಸಾಕು ಎಂದು ವಾರ್‌ಚಾರ್2(20) ಎಂದು ಕಾಲಂ ಮಾಡುತ್ತೀರಿ. ಅಲ್ಲಿ 20 ಎಂದರೆ, ಬೇರೆ ಹೇಳದಿದ್ದರೆ, ಇಪ್ಪತ್ತು ಬೈಟ್. 'ಕರ್ನಾಟಕ' ಎಂದು ತುಂಬಿ ನೋಡಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಒಳಗೆ ಕ, ರ, ವಿರಾಮದ ಗುರುತು, ನ, ದೀರ್ಘ, ಟ, ಕ ಎಂದು ಏಳು ಸಂಕೇತ. ಪ್ರತಿಯೊಂದಕ್ಕೆ ಮೂರರಂತೆ ಇಪ್ಪತ್ತೊಂದು ಬೈಟ್. ಓಆರ್‌ಎ-12899: ಇರುವುದು 21, ಗರಿಷ್ಠ 20. ನಾಡಿನ ಹೆಸರೇ ಹಿಡಿಯದ ಕಾಲಂ! 'ಚಾರ್' ಎಂದು ಸ್ಪಷ್ಟವಾಗಿ ಬರೆದು 20 ಸಂಕೇತ ಎಂದು ಹೇಳಬೇಕು. ಹಾಗೆ ಬರೆದರೂ 4000 ಬೈಟ್‌ಗಳ ಸಾಮಾನ್ಯ ಮೇಲ್ಮಿತಿ ಕದಲುವುದಿಲ್ಲ. ಕನ್ನಡದಲ್ಲಿ 1333 ಸಂಕೇತಕ್ಕೆ ಅದು ಮುಗಿಯುತ್ತದೆ. ಮೂಲದ ಇಂಗ್ಲಿಷ್ ಕಾಲಂ ಉದ್ದವನ್ನೇ ಕನ್ನಡದ ಕಾಲಂಗೂ ಕೊಡುವ ಟೂಲ್‌ಗಳು ಇಲ್ಲಿ ಕೈಕೊಡುತ್ತವೆ. ಇನ್ನೂ ಕೆಟ್ಟದ್ದು, ಎರರ್ ಬಾರದಿರಲೆಂದು ಬೈಟ್ ಲೆಕ್ಕದಲ್ಲಿ ಕತ್ತರಿಸಿ ಹಾಕುವ ಕೋಡ್. ಹೆಸರಿನ ಕೊನೆಯ ಅಕ್ಷರದ ಮೂರರಲ್ಲಿ ಒಂದು ಬೈಟ್ ಕಿತ್ತುಹೋದರೆ ಆ ಅಕ್ಷರ ಯಾವ ಭಾಷೆಯದೂ ಆಗಿ ಉಳಿಯುವುದಿಲ್ಲ.

ಈವರೆಗಿನ ಮಾತೆಲ್ಲ ಯೂನಿಕೋಡ್ ಕನ್ನಡದ್ದು. ನಮ್ಮ ಕಚೇರಿಗಳ ಹಳೆಯ ಟೇಬಲ್‌ಗಳಲ್ಲಿ ಇರುವುದು ಬಹುಪಾಲು ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳ ಡೇಟಾ. ಆ ತಂತ್ರಾಂಶಗಳನ್ನು ಹಳಿಯುವವರ ಜೊತೆ ನಾನಿಲ್ಲ. ಅವು ಇಲ್ಲದಿದ್ದರೆ ಗಣಕದಲ್ಲಿ ಕನ್ನಡದ ಅರ್ಜಿ ಬರೆಯಲು ನಮಗೆ ಇನ್ನೂ ಹತ್ತು ವರ್ಷ ಬೇಕಾಗುತ್ತಿತ್ತು. ಆದರೆ ಡ್ರೈವರಿನ ಕಣ್ಣಿಗೆ ಆ ಡೇಟಾ ಕನ್ನಡವೇ ಅಲ್ಲ, ಶುದ್ಧ ಲ್ಯಾಟಿನ್ ಅಕ್ಷರಗಳು. ಹಾಗಾಗಿ ಎರರ್ ಇಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ, ಸಲೀಸಾಗಿ ದಾಟುತ್ತದೆ. ಅಪಾಯ ಇರುವುದು ನಿಮ್ಮ ಇಂಟಿಗ್ರೇಶನ್ ಜಾಬ್‌ನ ಮಧ್ಯದಲ್ಲಿ. ಹೆಸರುಗಳೆಲ್ಲ ಒಂದೇ ರೀತಿ ಇರಲಿ ಎಂದು ಅಪ್ಪರ್ ಫಂಕ್ಷನ್ ಹಾಕುವುದು ನಮ್ಮೆಲ್ಲರ ಚಾಳಿ. ನುಡಿಯಲ್ಲಿ ಇಂಗ್ಲಿಷಿನ ಚಿಕ್ಕ ಜಿ ರಕಾರಕ್ಕೆ, ದೊಡ್ಡ ಜಿ 'ಉ' ಸ್ವರಕ್ಕೆ. ಒಂದು ಅಪ್ಪರ್ ಹಾಕಿದರೆ ಊರಿನ ರಾಮಣ್ಣ, ರಾಜಮ್ಮಂದಿರ ಹೆಸರಿನ ರಕಾರವೆಲ್ಲ 'ಉ' ಆಗುತ್ತದೆ. ದೊಡ್ಡ ಚಿಕ್ಕ ಅಕ್ಷರ ಒಂದೇ ಎಂದು ನೋಡುವ ಕೊಲೇಶನ್ ಇದ್ದರೆ ಹುಡುಕಾಟದಲ್ಲೂ ಇದೇ ಗತಿ.

ಅಂಥ ಡೇಟಾವನ್ನು ಯೂನಿಕೋಡ್‌ಗೆ ತಿರುಗಿಸುವುದೂ ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. 'ಕರ್ನಾಟಕ' ನುಡಿಯಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲೇ ಕೂತಿರುತ್ತದೆ: ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ್ ಮೊದಲು, ನಾ ಆಮೇಲೆ. ಪರಿವರ್ತಕಕ್ಕೆ ಈ ಹಿಂದುಮುಂದು ಗೊತ್ತಿರಬೇಕು. ಸಿದ್ಧ ಪರಿವರ್ತಕಗಳು ಇವೆ. ಬಳಸಿ, ಆದರೆ ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಾರೆ ನೋಡಿ. ಇನ್ನು ನುಡಿಯ ಸಾಲು, ಯೂನಿಕೋಡ್ ಸಾಲು, ನಿಜವಾದ ಇಂಗ್ಲಿಷ್ ಸಾಲು ಒಂದೇ ಕಾಲಂನಲ್ಲಿ ಬೆರೆತಿರುವುದೂ ಉಂಟು. ಅದನ್ನು ಸಾಲುಸಾಲಾಗಿ ಬೇರ್ಪಡಿಸದೆ ಬೇರೆ ದಾರಿಯಿಲ್ಲ.

ಎಲ್ಲವೂ ಯೂನಿಕೋಡ್‌ಗೆ ಬಂತು ಎನ್ನಿ. ಈಗ ಎರಡು ಟೇಬಲ್‌ಗಳನ್ನು ಹೆಸರಿನ ಮೇಲೆ ಜಾಯಿನ್ ಮಾಡುತ್ತೀರಿ. ಒಂದರಲ್ಲಿ ಗೋಪಾಲ, ಇನ್ನೊಂದರಲ್ಲೂ ಗೋಪಾಲ, ಆದರೂ ಸಾಲು ಬರುತ್ತಿಲ್ಲ. ಏಕೆಂದರೆ 'ಗೋ' ಮೇಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಬೈಟ್ ಹೋಲಿಸುವ ಡೇಟಾಬೇಸ್ ಬೇರೆ ಎನ್ನುತ್ತದೆ. ಎನ್‌ಎಫ್‌ಸಿ ರೂಪಕ್ಕೆ ತಂದು ಸೇರಿಸುವುದೇ ಪರಿಹಾರ: ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ನಾರ್ಮಲೈಸ್ ಫಂಕ್ಷನ್ ಇದೆ, ಜಾವಾದಲ್ಲಿ ನಾರ್ಮಲೈಜರ್ ಕ್ಲಾಸ್ ಇದೆ. 'ರಾಜ್‌ಕುಮಾರ್' ಇನ್ನೂ ತರಲೆ. ಜ್ ಮತ್ತು ಕು ಒತ್ತಾಗದೆ ಬಿಡಿಯಾಗಿ ನಿಲ್ಲಲೆಂದು ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಅದು ಹೆಸರಿನ ಕೊನೆಗೂ ಅಂಟಿಕೊಳ್ಳುತ್ತದೆ. ಜಾವಾದ ಟ್ರಿಮ್ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಖಾಲಿ ಜಾಗದ ಜಾತಿಗೆ ಸೇರಿಲ್ಲ. ಹಾಗೆಂದು ಮೂಲ ಹೆಸರಿನಿಂದ ಅದನ್ನು ಕಿತ್ತುಹಾಕಬೇಡಿ, ಬರೆದವರ ಹೆಸರು ಬರೆದಂತೆಯೇ ಇರಲಿ. ಹೋಲಿಕೆಗೆಂದೇ ಇನ್ನೊಂದು ಕಾಲಂ ಮಾಡಿ, ಅಲ್ಲಿ ಕಿತ್ತುಹಾಕಿ.

ಅಂಕಿಗಳ ವಿಚಾರವಾಗಿ ಒಂದೆರಡು ಮಾತು. ಜಾವಾದ ಪಾರ್ಸ್‌ಇಂಟ್‌ಗೆ ೧೨ ಕೊಟ್ಟರೆ ಹನ್ನೆರಡು ಎಂದೇ ಓದುತ್ತದೆ, ಪೈಥಾನ್ ಕೂಡ. ಪೋಸ್ಟ್‌ಗ್ರೆಸ್‌ಗೆ ಅದು ಸಂಖ್ಯೆಯೇ ಅಲ್ಲ. ಇದಕ್ಕಿಂತ ಗೋಳು ಸೊನ್ನೆಯದು: ಅಂಕಿಯ ಸೊನ್ನೆ, ಅನುಸ್ವಾರದ ಸೊನ್ನೆ ನೋಡಲು ಅವಳಿ, ಟೈಪ್ ಮಾಡುವವರು ಎರಡನ್ನೂ ಬೆರೆಸುತ್ತಾರೆ. ಸರ್ವೆ ನಂಬರಿನಲ್ಲಿ ಅನುಸ್ವಾರ ಸಿಕ್ಕರೆ ಆಶ್ಚರ್ಯಪಡಬೇಡಿ.

ತಾರೀಖಿನದು ಇನ್ನೊಂದು. ನಮ್ಮಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ಯಾವುದೇ ಹಳೆಯ ಪಟ್ಟಿ ತೆರೆದು ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಟ್ಟ ಜನ್ಮದಿನ ಅದು. ಈಗ ನಿಮ್ಮ ಕೋಡ್ ಆ ಬರೀ ತಾರೀಖನ್ನು ವೇಳೆಸಹಿತವಾದ ಟೈಪ್‌ಗೆ ಹಾಕಿಕೊಳ್ಳುತ್ತದೆ: ಜೂನ್ 1, ಮಧ್ಯರಾತ್ರಿ, ಭಾರತೀಯ ಕಾಲಮಾನ. ಕ್ಲೌಡ್ ಸರ್ವರ್ ಯುಟಿಸಿಯಲ್ಲಿದೆ. ಐದೂವರೆ ಗಂಟೆ ಹಿಂದೆ ಸರಿದು ಅದು ಮೇ 31, ಸಂಜೆ 6:30 ಆಗುತ್ತದೆ. ವೇಳೆಯನ್ನು ಕತ್ತರಿಸಿ ತಾರೀಖು ಮಾತ್ರ ಬರೆದರೆ ಒಂದು ಊರಿನ ಒಂದು ತಲೆಮಾರೇ ಒಂದು ದಿನ ಮೊದಲು ಹುಟ್ಟಿರುತ್ತದೆ. ಹೆಸರು ಮತ್ತು ಜನ್ಮದಿನ ಸೇರಿಸಿ ಹೋಲಿಸುವ ಯಾವ ಜಾಯಿನ್ನೂ ಆಮೇಲೆ ಕೂಡಿಬರುವುದಿಲ್ಲ. ಜನ್ಮದಿನಕ್ಕೆ ಟೈಮ್‌ಝೋನ್ ಇಲ್ಲ. ಜಾವಾ 8ರ ಜೊತೆಗಿನ ಜೆಡಿಬಿಸಿ 4.2ರಿಂದ ಲೋಕಲ್‌ಡೇಟ್ ಆಗಿಯೇ ನೇರವಾಗಿ ಓದಬಹುದು, ಹಾಗೆಯೇ ಓದಿ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಮೇಲೆ ನಿಮಗೆಲ್ಲ ಸಾಕಷ್ಟು ಪ್ರೀತಿಯಿದೆ. ಒಂದು ಲೆಕ್ಕ ಮಾತ್ರ. ಭೂಮಿ ಯೋಜನೆಯಲ್ಲಿ ಈ ಶತಮಾನದ ಆರಂಭಕ್ಕೇ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅಷ್ಟು ಸಾಲಿನ ಟೇಬಲ್ ಒಂದನ್ನು ಓದಬೇಕು ಎನ್ನಿ. ಒರಾಕಲ್ ಜೆಡಿಬಿಸಿ ಡ್ರೈವರ್ ಸುಮ್ಮನೆ ಬಿಟ್ಟರೆ ಒಂದು ಸಲಕ್ಕೆ ಹತ್ತು ಸಾಲು ತರುತ್ತದೆ, ಅಂದರೆ ಸರ್ವರ್‌ಗೆ 20 ಲಕ್ಷ ಸಲ ಹೋಗಿಬರಬೇಕು. ಪೋಸ್ಟ್‌ಗ್ರೆಸ್‌ನದು ತದ್ವಿರುದ್ಧ: ಎರಡೂ ಕೋಟಿಯನ್ನು ಒಮ್ಮೆಗೇ ಮೆಮೊರಿಗೆ ತಂದು ಸುರಿಯಲು ಹೊರಡುತ್ತದೆ. ಆಟೋಕಮಿಟ್ ಆಫ್ ಮಾಡಿ ಫೆಚ್ ಸೈಜ್ ಕೊಟ್ಟರೆ ಮಾತ್ರ ತುಸುತುಸುವಾಗಿ ತರುತ್ತದೆ. ಎರಡೂ ಡ್ರೈವರಿನ ದಾಖಲೆಯಲ್ಲಿ ಬರೆದಿದೆ. ಓದಿರುವವರು ಕಡಿಮೆ.

ಇಷ್ಟೆಲ್ಲ ಹೇಳಿದಾಗ ಮೀಟಿಂಗಿನಲ್ಲಿ ಬರುವ ಮಾತು ಒಂದೇ: "ಅಷ್ಟು ತಲೆನೋವು ಯಾಕೆ, ಕನ್ನಡದ ಕಾಲಂ ಬಿಟ್ಟುಬಿಡೋಣ, ಇಂಗ್ಲಿಷ್ ಹೆಸರಿನಲ್ಲೇ ಜೋಡಿಸೋಣ." ಇಂಗ್ಲಿಷ್ ಕಾಲಂ ಭದ್ರ ಎಂದು ನಂಬಿರುವವರಿಗೆ 2014ರ ನವೆಂಬರ್ 1 ನೆನಪಿರಲಿ. ಅವತ್ತು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಇಂಗ್ಲಿಷಿನ ಮೇಲೆ ಜಾಯಿನ್ ಮಾಡಿಕೊಂಡವರಿಗೆ ಬೆಂಗಳೂರು ಎರಡಾಯಿತು, ಮೈಸೂರು ಎರಡಾಯಿತು, ತುಮಕೂರು ಎರಡಾಯಿತು. ಕನ್ನಡದ ಕಾಲಂನಲ್ಲಿ ಆ ಮೂರೂ ಊರು ಮೊದಲು ಹೇಗಿದ್ದವೋ ಹಾಗೇ ಇದ್ದವು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ನಿಮಗೇ ಗೊತ್ತು. ಊರಿಗೆ ಸರ್ಕಾರದ ಕೋಡ್ ಇದ್ದರೆ ಅದರ ಮೇಲೆ ಜೋಡಿಸಿ, ಹೆಸರಿನ ಮೇಲೆ ಜೋಡಿಸಲೇಬೇಕಾದಲ್ಲಿ ಕನ್ನಡವನ್ನು ಮುಂದಿಡಿ. ಮೂಲದಲ್ಲಿ ಕನ್ನಡವಿದ್ದು ನಿಮ್ಮ ಪೈಪ್‌ಲೈನ್ ಅದನ್ನು ದಾಟಿಸಲಾರದು ಎಂದಾದರೆ, ಅದು ಕನ್ನಡದ ಸಮಸ್ಯೆ ಎಂದು ವರದಿಯಲ್ಲಿ ಬರೆಯಬೇಡಿ.

ಸಮಸ್ಯೆಯ ಬೇರು ನಮ್ಮ ಟೆಸ್ಟ್ ಡೇಟಾದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹೆಸರು ಜಾನ್, ಅಡ್ಡಹೆಸರು ಡೋ, ಊರು ನ್ಯೂಯಾರ್ಕ್. ಆ ಜಾನ್ ಯಾವ ಡ್ರೈವರಿನಲ್ಲೂ ಕೆಡುವುದಿಲ್ಲ, ಏಕೆಂದರೆ ಅವೆಲ್ಲ ಅವನನ್ನು ಎದುರಿಗಿಟ್ಟುಕೊಂಡೇ ಹುಟ್ಟಿದವು. ಈಗ ಹೊಸ ದಾರಿಗಳು ಬರುತ್ತಿವೆ. 2023ರಲ್ಲಿ ಬಂದ ಎಡಿಬಿಸಿ ಎಂಬ ಸಂಪರ್ಕ ಪದ್ಧತಿಯಲ್ಲಿ ಡೇಟಾ ಆರೋ ಎಂಬ ರೂಪದಲ್ಲಿ ಕಾಲಂ ಕಾಲಂ ಆಗಿ ಹರಿಯುತ್ತದೆ, ಅಲ್ಲಿ ಪಠ್ಯವೆಂದರೆ ಯುಟಿಎಫ್-8 ಮಾತ್ರ. ಒಳ್ಳೆಯದೇ. ಆದರೆ ಬಾಗಿಲಲ್ಲೇ ಪ್ರಶ್ನಾರ್ಥಕ ಚಿಹ್ನೆಯಾಗಿ ಒಳಬಂದದ್ದನ್ನು ಅದೂ ಯುಟಿಎಫ್-8ರ ಅಚ್ಚುಕಟ್ಟಾದ ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಸಾಗಿಸುತ್ತದೆ.

ಹಾಗಾಗಿ ಒಂದು ಕೋರಿಕೆ. ನಾಳೆ ಕೆಲಸಕ್ಕೆ ಕೂತಾಗ ನಿಮ್ಮ ಟೆಸ್ಟ್ ಟೇಬಲ್‌ಗೆ ಈ ಸಾಲುಗಳನ್ನು ಸೇರಿಸಿ: ಮಂಜುನಾಥ, ಯಲ್ಲಮ್ಮ, ರಾಜ್‌ಕುಮಾರ್, ಎರಡು ರೀತಿ ಬರೆದ ಗೋಪಾಲ, ಕಾಲಂ ತುಂಬುವಷ್ಟು ಉದ್ದದ ಒಂದು ವಿಳಾಸ, ಜೂನ್ 1ರ ಒಂದು ಜನ್ಮದಿನ, ನುಡಿಯಲ್ಲಿ ಟೈಪ್ ಮಾಡಿದ ಒಂದು ಹೆಸರು. ಮೂಲದಿಂದ ಗುರಿಯವರೆಗೆ ಓಡಿಸಿ, ವಾಪಸು ಓದಿ, ಬೈಟ್‌ಗೆ ಬೈಟ್ ಹೋಲಿಸಿ. ಪ್ರತಿ ಬಿಲ್ಡ್‌ನಲ್ಲೂ ಇದು ತಾನೇ ಓಡುವಂತೆ ಮಾಡಿ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಎನ್‌ಕೋಡಿಂಗ್ ಅನ್ನು ಡಿಫಾಲ್ಟಿಗೆ ಬಿಡದೆ ಬರೆದಿಡಿ. ಸಾಲಿನಲ್ಲಿ ಎಲ್ಲಾದರೂ ಎರಡು ಪ್ರಶ್ನಾರ್ಥಕ ಚಿಹ್ನೆ ಒಟ್ಟಿಗೆ ಕಂಡರೆ ಜಾಬ್ ನಿಲ್ಲಿಸಿ. ಅದು ಸರಿಹೋಗುವವರೆಗೆ ಮೂಲ ಟೇಬಲ್ ಅಳಿಸಲು ಯಾರು ಕೇಳಿದರೂ ಒಪ್ಪಬೇಡಿ.

ಇಂತಿ,
ಡೇಟಾಬೇಸ್ ನೋಡಿಕೊಳ್ಳುವ ಒಬ್ಬ ಸಹೋದ್ಯೋಗಿ